ಮಕ್ಕಳಿಗೆ ಪ್ರಕೃತಿ ವಿಕೋಪದ ಪಾಠ: ಡ್ರಿಲ್, ಕಥೆ, ಆಟ, ನಕ್ಷೆ... ಯಾವುದನ್ನು ಆರಿಸಬೇಕು?

ಪ್ರಕೃತಿ ವಿಕೋಪದ ಬಗ್ಗೆ ಮಕ್ಕಳಿಗೆ ಹೇಳಿಕೊಡಬೇಕು ಅಂತ ಹೊರಟ ಶಿಕ್ಷಕರಿಗೆ ಆಯ್ಕೆಗಳಿಗೇನೂ ಬರವಿಲ್ಲ. ಪುಸ್ತಕದಲ್ಲಿ ಅಧ್ಯಾಯ ಇದೆ. ಗಂಟೆ ಬಾರಿಸಿ ಎಲ್ಲರನ್ನೂ ಮೈದಾನಕ್ಕೆ ಕಳಿಸುವ ಡ್ರಿಲ್ ಇದೆ. ವಿಡಿಯೊ, ಬೋರ್ಡ್ ಆಟ, ಕಂಪ್ಯೂಟರ್ ಆಟ, ಕಥೆ, ಹಾಡು, ನಕ್ಷೆ ಬಿಡಿಸುವುದು, ಅಗ್ನಿಶಾಮಕ ದಳದವರನ್ನು ಕರೆಸಿ ಮಾತಾಡಿಸುವುದು. ಒಂದೊಂದನ್ನೇ ನೋಡಿದರೆ ಎಲ್ಲವೂ ಒಳ್ಳೆಯದೇ. ಆದರೆ ಇದಕ್ಕೆಂದು ಸಿಗುವ ಸಮಯ ಎಷ್ಟು? ತಿಂಗಳಿಗೆ ಒಂದು ಪೀರಿಯಡ್ ಸಿಕ್ಕರೆ ಪುಣ್ಯ. ಹಾಗಾಗಿ ಆರಿಸಲೇಬೇಕು.

ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು "ಮಕ್ಕಳಿಗೆ ಯಾವುದು ಇಷ್ಟ ಆಗುತ್ತದೆ?" ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೆಯದು ಬೇರೆ ಇದೆ: ಈ ವಿಕೋಪ ಬಂದಾಗ ಮಗುವಿಗೆ ಎಷ್ಟು ಹೊತ್ತು ಸಿಗುತ್ತದೆ?

ಸೆಕೆಂಡು, ನಿಮಿಷ, ದಿನ

ಭೂಕಂಪದಲ್ಲಿ ಸಿಗುವುದು ಸೆಕೆಂಡುಗಳು. ಯೋಚನೆ ಮಾಡಲು ಸಮಯವೇ ಇರುವುದಿಲ್ಲ. ಕೈಕಾಲು ತಾವಾಗಿಯೇ ಕೆಲಸ ಮಾಡಬೇಕು. ಅದನ್ನು ಕಲಿಸಲು ಇರುವ ದಾರಿ ಒಂದೇ, ಮತ್ತೆ ಮತ್ತೆ ಮಾಡಿಸುವುದು. ಸೈಕಲ್ ಹೊಡೆಯುವುದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ, ಅಲ್ವಾ?

ಸುನಾಮಿಯಲ್ಲಿ ನಿಮಿಷಗಳು ಸಿಗುತ್ತವೆ. ದಡದ ಹತ್ತಿರವೇ ಭೂಮಿ ನಡುಗಿದ್ದರೆ ಹತ್ತಿಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ದೂರದಲ್ಲಿ ನಡುಗಿದ್ದರೆ ಇನ್ನೂ ಜಾಸ್ತಿ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಎದ್ದ ಅಲೆ ಶ್ರೀಲಂಕಾ ಮುಟ್ಟುವ ಹೊತ್ತಿಗೆ ಸುಮಾರು ಎರಡು ಗಂಟೆ ಆಗಿತ್ತು. ಇಂಥ ಕಡೆ ಮಗುವಿಗೆ ಬೇಕಾದ್ದು ಸೂಚನೆಯನ್ನು ಗುರುತು ಹಿಡಿಯುವ ಕಣ್ಣು, ಯಾರಿಗೂ ಕಾಯದೆ ಹೊರಡುವ ಧೈರ್ಯ. ದಿಢೀರ್ ನೆರೆ, ಗುಡ್ಡ ಕುಸಿತ, ಕಾಡ್ಗಿಚ್ಚು ಕೂಡ ಹೆಚ್ಚುಕಡಿಮೆ ಇದೇ ಗುಂಪಿನವು.

ಚಂಡಮಾರುತ ಮತ್ತು ದೊಡ್ಡ ನದಿಯ ನೆರೆಗೆ ಒಂದೆರಡು ದಿನ ಮೊದಲೇ ಮುನ್ಸೂಚನೆ ಇರುತ್ತದೆ. ಮನೆ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಮಗುವಲ್ಲ, ಮನೆಯವರು. ಹಾಗಾಗಿ ಪಾಠ ಶಾಲೆಯ ಗೇಟಿನಲ್ಲೇ ನಿಂತರೆ ಪ್ರಯೋಜನವಿಲ್ಲ, ಮನೆವರೆಗೂ ಹೋಗಬೇಕು.

ಸೆಕೆಂಡಿನದಕ್ಕೆ ಡ್ರಿಲ್. ನಿಮಿಷದ್ದಕ್ಕೆ ಕಥೆ, ನಕ್ಷೆ, ಜೊತೆಗೆ ನಡೆದು ನೋಡುವ ಡ್ರಿಲ್. ದಿನದ್ದಕ್ಕೆ ನಕ್ಷೆ, ಆಟ, ಮನೆಯವರ ಜೊತೆ ಮಾಡುವ ಹೋಂವರ್ಕ್. ನನ್ನ ಆಯ್ಕೆ ಇಷ್ಟೇ. ಆದರೆ ಒಂದೊಂದರಲ್ಲೂ ಒಂದೊಂದು ಹಳ್ಳ ಇದೆ. ಅದನ್ನು ನೋಡದೆ ಹೆಜ್ಜೆ ಇಡಬಾರದು.

ಪುಸ್ತಕದ ಪಾಠ: ಪೂರ್ತಿ ಬಿಡುವ ಹಾಗಿಲ್ಲ

ಪುಸ್ತಕದ ಪಾಠವನ್ನು ಆಡಿಕೊಳ್ಳುವುದು ಸುಲಭ. "ಭೂಕಂಪ ಎಂದರೇನು? ಎರಡು ಅಂಕ." ಮಗು ಉತ್ತರ ಬರೆಯುತ್ತದೆ, ಅಂಕ ಬರುತ್ತದೆ, ಮರೆಯುತ್ತದೆ. ಈ ದೂರು ನನ್ನದೂ ಹೌದು. ಆದರೆ ಟಿಲ್ಲಿ ಸ್ಮಿತ್ ನೆನಪಾದಾಗ ಸ್ವಲ್ಪ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತದೆ. ಇಂಗ್ಲೆಂಡಿನ ಈ ಹುಡುಗಿಗೆ 2004ರಲ್ಲಿ ಹತ್ತು ವರ್ಷ. ರಜೆಗೆಂದು ಥಾಯ್ಲೆಂಡಿನ ಫುಕೆಟ್‌ಗೆ ಹೋಗಿದ್ದಳು. ಎರಡು ವಾರದ ಹಿಂದಷ್ಟೇ ಭೂಗೋಳದ ತರಗತಿಯಲ್ಲಿ ಸುನಾಮಿ ಪಾಠ ಆಗಿತ್ತು. ಬೀಚಿನಲ್ಲಿ ನಿಂತಿದ್ದಾಗ ಸಮುದ್ರ ನೊರೆ ನೊರೆಯಾಗಿ ವಿಚಿತ್ರವಾಗಿ ವರ್ತಿಸುವುದು ಕಂಡಿತು. ಅಪ್ಪ ಅಮ್ಮನಿಗೆ ಹೇಳಿದಳು, ಹಟ ಹಿಡಿದಳು. ಸುಮಾರು ನೂರು ಜನ ಆ ಬೀಚಿನಿಂದ ಪಾರಾದರು.

ಅಂದರೆ ತರಗತಿಯ ಪಾಠವೂ ಜೀವ ಉಳಿಸಬಲ್ಲದು. ಆದರೆ ಗಮನಿಸಿ, ಅವಳಿಗೆ ನೆನಪಾದದ್ದು ಸುನಾಮಿಯ ವ್ಯಾಖ್ಯೆಯಲ್ಲ. ಸುನಾಮಿ ಬರುವ ಮುಂಚೆ ಸಮುದ್ರ ಹೇಗೆ ಕಾಣುತ್ತದೆ ಅನ್ನುವುದು. ಪಾಠ ಆಗಷ್ಟೇ ಆಗಿದ್ದರಿಂದ ನೆನಪು ಹಸಿಯಾಗಿತ್ತು ಅನ್ನುವುದೂ ನಿಜ. ವರ್ಷಕ್ಕೊಮ್ಮೆ ಮಾಡಿ ಮುಗಿಸುವ ಪಾಠದ ಮೇಲೆ ಇಷ್ಟು ಭರವಸೆ ಇಡಲು ನನಗೆ ಧೈರ್ಯವಿಲ್ಲ.

ಹಾಗಾಗಿ ಪುಸ್ತಕವನ್ನು ಆರಿಸುವುದಾದರೆ "ಎಂದರೇನು" ಅನ್ನುವ ಭಾಗಕ್ಕೆ ಐದು ನಿಮಿಷ ಕೊಡಿ. ಉಳಿದ ಸಮಯ ಎಲ್ಲ "ಬರುವ ಮುಂಚೆ ಏನು ಕಾಣುತ್ತದೆ, ಏನು ಕೇಳುತ್ತದೆ" ಅನ್ನುವುದಕ್ಕೆ ಇರಲಿ. ಗುಡ್ಡ ಕುಸಿಯುವ ಮುಂಚೆ ನೆಲದಲ್ಲಿ ಬಿರುಕು ಬಿಡುತ್ತದೆ, ಮರಗಳು ವಾಲುತ್ತವೆ, ತಿಳಿಯಾಗಿದ್ದ ತೊರೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಚಂಡಮಾರುತದ ನಡುವೆ ಗಾಳಿ ಪೂರ್ತಿ ನಿಂತರೆ ಅದು ಮುಗಿಯಿತು ಅಂತಲ್ಲ. ಚಂಡಮಾರುತದ ಕಣ್ಣು ನೆತ್ತಿಯ ಮೇಲೆ ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಗಾಳಿ ಬೀಸುತ್ತದೆ. ಇಂಥ ಒಂದು ಸಾಲು ಹತ್ತು ವ್ಯಾಖ್ಯೆಗೆ ಸಮ.

ಪ್ರಯೋಗ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು, ಖರ್ಚೂ ಇಲ್ಲ. ಒಂದು ತಟ್ಟೆಯಲ್ಲಿ ಒದ್ದೆ ಮರಳು ತುಂಬಿ, ಮೇಲೆ ಒಂದು ಇಟ್ಟಿಗೆ ತುಂಡನ್ನು ನೆಟ್ಟಗೆ ನಿಲ್ಲಿಸಿ, ತಟ್ಟೆಯ ಅಂಚನ್ನು ತಟ್ಟುತ್ತಾ ಹೋಗಿ. ಮರಳು ನೀರಿನ ಹಾಗೆ ಆಗಿ ಇಟ್ಟಿಗೆ ವಾಲುತ್ತದೆ. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ವಸತಿ ಕಟ್ಟಡಗಳು ಹೀಗೆಯೇ ಗೋಡೆ ಗಟ್ಟಿಯಾಗಿದ್ದೂ ವಾಲಿ ಮಲಗಿದವು. ಹೈಸ್ಕೂಲ್ ಮಕ್ಕಳಾದರೆ ಲೆಕ್ಕ ಕೊಡಿ. ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಜೋರಾಗಿ ಅಲುಗಿಸುವ ಎರಡನೇ ಅಲೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ. ಕೇಂದ್ರದಿಂದ 70 ಕಿಲೋಮೀಟರ್ ದೂರದಲ್ಲಿ ಇದ್ದರೆ ಎರಡರ ನಡುವೆ ಎಷ್ಟು ಸಮಯ ಸಿಗುತ್ತದೆ? ಸುಮಾರು ಎಂಟು ಸೆಕೆಂಡು. ಆ ಎಂಟು ಸೆಕೆಂಡನ್ನು ಗಟ್ಟಿಯಾಗಿ ಎಣಿಸಿ ಅಂತ ಹೇಳಿ. ಎಣಿಸಿ ಮುಗಿಯುವಷ್ಟರಲ್ಲಿ ಡ್ರಿಲ್ ಯಾಕೆ ಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಡ್ರಿಲ್: ಸರಿಯಾಗಿ ಮಾಡಿದರೆ ಮಾತ್ರ

ಭೂಕಂಪದ ಮಟ್ಟಿಗೆ ಡ್ರಿಲ್‌ಗೆ ಸಾಟಿ ಇಲ್ಲ. ಕುಳಿತುಕೊ, ಮೇಜಿನ ಕೆಳಗೆ ಸೇರಿ ತಲೆ-ಕುತ್ತಿಗೆ ಮುಚ್ಚಿಕೊ, ಮೇಜಿನ ಕಾಲು ಗಟ್ಟಿಯಾಗಿ ಹಿಡಿದುಕೊ. ಇಷ್ಟೇ ಮೂರು ಕೆಲಸ. 2008ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಶೇಕ್‌ಔಟ್' ಅನ್ನುವ ಸಾಮೂಹಿಕ ಡ್ರಿಲ್ ಈ ಮೂರನ್ನೇ ಹಿಡಿದುಕೊಂಡು ಎಷ್ಟೋ ದೇಶಗಳಿಗೆ ಹರಡಿತು. ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಬೇಕು ಅನ್ನುವ ಹಳೇ ಮಾತನ್ನು ಈಗ ಹೆಚ್ಚಿನ ತಜ್ಞರು ಹೇಳುವುದಿಲ್ಲ. ಅಲುಗುತ್ತಿರುವಾಗ ಓಡುವುದೂ ಬೇಡ. ಬಿದ್ದು, ಮೇಲಿನಿಂದ ಏನಾದರೂ ಬಿದ್ದು ಪೆಟ್ಟಾಗುವುದೇ ಜಾಸ್ತಿ. ಅಲುಗಾಟ ನಿಂತ ಮೇಲೆ ಸಾಲಾಗಿ ಹೊರಗೆ.

ಹೊರಗೆ ಹೋಗುವ ರೀತಿಗೆ ಜಪಾನಿನ ಶಾಲೆಗಳಲ್ಲಿ ಒಂದು ಸಣ್ಣ ಪದ ಇದೆ: ಒಕಾಶಿಮೊ. ನಾಲ್ಕು ಮಾತುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು. ತಳ್ಳಬೇಡ, ಓಡಬೇಡ, ಮಾತಾಡಬೇಡ, ವಾಪಸ್ ಹೋಗಬೇಡ. ಕೊನೆಯದನ್ನು ಗಮನಿಸಿ. ಬ್ಯಾಗ್ ತರಲು ಒಳಗೆ ಓಡುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ನಿಮ್ಮ ಮಕ್ಕಳ ನಾಲಿಗೆಗೆ ಹೊಂದುವ ಇಂಥ ಒಂದು ಪದವನ್ನು ಅವರಿಂದಲೇ ಕಟ್ಟಿಸಿ. ಅರ್ಧ ಪೀರಿಯಡ್ ಸಾಕು.

ಈಗ ಹಳ್ಳದ ವಿಷಯ. ನಾನು ನೋಡಿದ ಒಂದು ಡ್ರಿಲ್‌ನಲ್ಲಿ ಎಲ್ಲರೂ ಎರಡೇ ನಿಮಿಷದಲ್ಲಿ ಮೈದಾನಕ್ಕೆ ಬಂದರು. ಚಪ್ಪಾಳೆ ಬಿತ್ತು. ಫೋಟೊ ತೆಗೆದದ್ದೂ ಆಯಿತು. ಆಮೇಲೆ ಯಾರೋ "ಎಲ್ಲರೂ ಬಂದಿದ್ದಾರಾ?" ಅಂತ ಕೇಳಿದರು. ಹಾಜರಿ ಪುಸ್ತಕ ಆಫೀಸ್ ರೂಮಿನಲ್ಲೇ ಇತ್ತು. ಶೌಚಾಲಯಕ್ಕೆ ಹೋಗಿದ್ದ ಇಬ್ಬರು ಮಕ್ಕಳು ಖಾಲಿ ತರಗತಿಗೆ ಬಂದು, ಎಲ್ಲರೂ ಎಲ್ಲಿ ಹೋದರು ಅಂತ ಕಿಟಕಿಯಿಂದ ನೋಡುತ್ತಾ ನಿಂತಿದ್ದರು. ಆ ಡ್ರಿಲ್ ಸೋತಿತು ಅಂತ ನಾನು ಹೇಳುವುದಿಲ್ಲ. ಆ ದಿನ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕಿಟಕಿಯಲ್ಲಿ ಕಂಡ ಆ ಎರಡು ಮುಖಗಳೇ.

ಹೇಳಿ ಮಾಡುವ ಡ್ರಿಲ್ಲೋ, ಹೇಳದೆ ಮಾಡುವ ಡ್ರಿಲ್ಲೋ? ಮೊದಮೊದಲು ಹೇಳಿಯೇ ಮಾಡಿ. ಚಿಕ್ಕ ಮಕ್ಕಳಿಗಂತೂ ಯಾವಾಗಲೂ ಹೇಳಿಯೇ ಮಾಡಿ. ಇದು ಅಭ್ಯಾಸ, ನಿಜವಾದ ಭೂಕಂಪ ಅಲ್ಲ ಅಂತ ಎರಡು ಸಲ ಹೇಳಿ. ದೊಡ್ಡವರು ಅದಕ್ಕೆ ಹೊಂದಿಕೊಂಡ ಮೇಲೆ ದಿನ ಹೇಳಿ, ಹೊತ್ತು ಹೇಳಬೇಡಿ. ಒಮ್ಮೆ ಆಟದ ಬಿಡುವಿನಲ್ಲಿ ಗಂಟೆ ಬಾರಿಸಿ. ಒಮ್ಮೆ ಮೆಟ್ಟಿಲನ್ನು ಹಗ್ಗ ಕಟ್ಟಿ ಮುಚ್ಚಿ, "ಈ ದಾರಿ ಇಲ್ಲ" ಅನ್ನಿ. ಒಮ್ಮೆ ಮುಖ್ಯ ಶಿಕ್ಷಕರು ಇಲ್ಲದ ದಿನ ಮಾಡಿ. ಎಲ್ಲ ಅನುಕೂಲ ಇರುವ ದಿನವೇ ಮಾಡುವ ಡ್ರಿಲ್ ಮಕ್ಕಳಿಗೆ ಸಾಲಾಗಿ ನಡೆಯುವುದನ್ನು ಕಲಿಸುತ್ತದೆ, ಅಷ್ಟೇ.

ಗಾಲಿಕುರ್ಚಿಯಲ್ಲಿರುವ ಮಗುವನ್ನು "ನೀನು ಇಲ್ಲೇ ಇರು" ಅಂತ ಪಕ್ಕಕ್ಕೆ ಕೂರಿಸಿ ಡ್ರಿಲ್ ಮಾಡುವುದನ್ನೂ ನೋಡಿದ್ದೇನೆ. ಸಿಟ್ಟು ಬರುತ್ತದೆ. ಆ ಮಗುವಿಗೂ ಮೂರು ಕೆಲಸ ಇದೆ: ಗಾಲಿಗೆ ಬ್ರೇಕ್ ಹಾಕು, ಮುಂದಕ್ಕೆ ಬಾಗು, ಎರಡೂ ಕೈಯಿಂದ ತಲೆ-ಕುತ್ತಿಗೆ ಮುಚ್ಚಿಕೊ. ಅಲುಗಾಟ ನಿಂತ ಮೇಲೆ ಅವನನ್ನು ಕೆಳಗೆ ಇಳಿಸುವವರು ಯಾರು ಅಂತ ಮೊದಲೇ ಹೆಸರು ಗೊತ್ತಿರಬೇಕು. ಕಿವಿ ಕೇಳದ ಮಗುವಿಗೆ ಗಂಟೆ ಸಾಲದು. ದೀಪ ಆರಿಸಿ ಹಚ್ಚುವುದೋ, ಪಕ್ಕದವರು ಭುಜ ತಟ್ಟುವುದೋ, ಏನಾದರೂ ಒಂದು ಗುರುತು ಬೇಕು.

ಇನ್ನೊಂದು ಮಾತು. ಡ್ರಿಲ್ ಎಲ್ಲವನ್ನೂ ಸರಿ ಮಾಡುವುದಿಲ್ಲ. 2017ರ ಸೆಪ್ಟೆಂಬರ್ 19ರಂದು ಮೆಕ್ಸಿಕೊದಲ್ಲಿ ಬೆಳಗ್ಗೆ 11 ಗಂಟೆಗೆ ದೇಶದಾದ್ಯಂತ ಡ್ರಿಲ್ ನಡೆಯಿತು. 1985ರ ಅದೇ ದಿನ ಆದ ಭೂಕಂಪದ ನೆನಪಿಗೆ ಮಾಡುವ ವಾರ್ಷಿಕ ಡ್ರಿಲ್ ಅದು. ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ 7.1 ತೀವ್ರತೆಯ ಭೂಕಂಪ ನಿಜವಾಗಿಯೇ ಬಂತು. ಡ್ರಿಲ್ ಮಾಡಿದ ನೆನಪು ಇನ್ನೂ ಮೈಯಲ್ಲೇ ಇತ್ತು. ಆದರೂ ಮೆಕ್ಸಿಕೊ ಸಿಟಿಯ ಒಂದು ಶಾಲೆಯ ಕಟ್ಟಡ ಕುಸಿದು 19 ಮಕ್ಕಳು ಸತ್ತರು. ಕಟ್ಟಡವೇ ನಿಲ್ಲದಿದ್ದರೆ ಮೇಜಿನ ಕೆಳಗೆ ಕುಳಿತು ಏನು ಮಾಡುವುದು?

ಇದಕ್ಕೆ ಎದುರಾಗಿ ಚೀನಾದ ಸಿಚುವಾನ್‌ನ ಸಾಂಗ್‌ಜಾವ್ ಮಾಧ್ಯಮಿಕ ಶಾಲೆಯನ್ನು ನೋಡಿ. ಅಲ್ಲಿನ ಮುಖ್ಯ ಶಿಕ್ಷಕ ಯೆ ಜಿಪಿಂಗ್ ವರ್ಷಗಟ್ಟಲೆ ಹಣಕ್ಕಾಗಿ ಅಲೆದು ಹಳೆಯ ಕಟ್ಟಡವನ್ನು ಗಟ್ಟಿ ಮಾಡಿಸಿದ್ದರು. ಮಕ್ಕಳಿಗೆ ನಿಯಮಿತವಾಗಿ ಡ್ರಿಲ್ಲನ್ನೂ ಮಾಡಿಸುತ್ತಿದ್ದರು. ಯಾವ ತರಗತಿ ಯಾವ ಮೆಟ್ಟಿಲಲ್ಲಿ ಇಳಿಯಬೇಕು ಅನ್ನುವುದು ಕೂಡ ನಿಗದಿಯಾಗಿತ್ತು. 2008ರ ಮೇ 12ರ ಭೂಕಂಪದಲ್ಲಿ 2,200ಕ್ಕೂ ಹೆಚ್ಚು ಮಕ್ಕಳು 1 ನಿಮಿಷ 36 ಸೆಕೆಂಡಿನಲ್ಲಿ ಹೊರಗೆ ಬಂದರು. ಒಬ್ಬರೂ ಸಾಯಲಿಲ್ಲ. ಅದೇ ಭೂಕಂಪದಲ್ಲಿ ಸಿಚುವಾನ್‌ನ ಶಾಲೆಗಳಲ್ಲಿ ಸತ್ತ ಮಕ್ಕಳ ಸಂಖ್ಯೆ ಸರ್ಕಾರಿ ಲೆಕ್ಕದಲ್ಲೇ 5,000 ದಾಟಿತು. ಹಾಗಾಗಿ ಡ್ರಿಲ್ ಶುರು ಮಾಡುವ ಮುಂಚೆ ಒಬ್ಬ ಎಂಜಿನಿಯರಿಗೆ ಕಟ್ಟಡ ತೋರಿಸಿ. ಮಕ್ಕಳು ಮೇಜಿನ ಕೆಳಗೆ ಸೇರಬೇಕೋ, ಬಾಗಿಲು ಪಕ್ಕದಲ್ಲೇ ಇರುವ ನೆಲಮಹಡಿಯ ಮಣ್ಣಿನ ಕಟ್ಟಡವಾದರೆ ಸೀದಾ ಹೊರಗೆ ಹೋಗಬೇಕೋ ಅನ್ನುವುದೂ ಕಟ್ಟಡದ ಮೇಲೆಯೇ ನಿಂತಿದೆ.

ಕಥೆ ಮತ್ತು ಹಾಡು: ಹೆಚ್ಚು ಕಾಲ ಉಳಿಯುವುದು ಇದೇ

ಡ್ರಿಲ್ ಒಂದು ವರ್ಷ ನಿಲ್ಲಿಸಿದರೆ ಮರೆತುಹೋಗುತ್ತದೆ. ಕಥೆಗೆ ಆ ತೊಂದರೆ ಇಲ್ಲ. ಇಂಡೋನೇಷ್ಯಾದ ಸಿಮೆಲುವೆ ದ್ವೀಪದಲ್ಲಿ 1907ರಲ್ಲಿ ದೊಡ್ಡ ಸುನಾಮಿ ಬಂದು ತುಂಬ ಜನ ಸತ್ತರು. ಬದುಕಿದವರು ಅದಕ್ಕೆ 'ಸ್ಮಾಂಗ್' ಅಂತ ಹೆಸರಿಟ್ಟರು. ಭೂಮಿ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ, ಗುಡ್ಡಕ್ಕೆ ಓಡು ಅನ್ನುವುದನ್ನು ಕಥೆ ಮಾಡಿ, ಜೋಗುಳ ಮಾಡಿ ಮಕ್ಕಳಿಗೆ ಹೇಳುತ್ತಾ ಬಂದರು. 97 ವರ್ಷ ಕಳೆಯಿತು. 2004ರ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇದ್ದ ಜಾಗಗಳಲ್ಲಿ ಈ ದ್ವೀಪವೂ ಒಂದು. ಅಲೆ ಬರಲು ಕೆಲವೇ ನಿಮಿಷ ಇತ್ತು. ಸೈರನ್ ಇಲ್ಲ, ಫೋನ್ ಇಲ್ಲ. "ಸ್ಮಾಂಗ್!" ಅಂತ ಯಾರೋ ಕೂಗಿದರು, ಎಲ್ಲರೂ ಗುಡ್ಡ ಹತ್ತಿದರು. ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ.

ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಪಾಠ ನನಗಂತೂ ಗೊತ್ತಿಲ್ಲ.

ಆದರೆ ಕಥೆಗೂ ಒಂದು ಹಳ್ಳ ಇದೆ. ಸಮುದ್ರ ಹಿಂದೆ ಸರಿಯುವುದು ಎಲ್ಲ ಕಡೆ ಆಗುವುದಿಲ್ಲ. 2004ರಲ್ಲಿ ಥಾಯ್ಲೆಂಡಿನ ಕಡೆ ಮೊದಲು ನೀರು ಇಳಿಯಿತು. ಶ್ರೀಲಂಕಾದ ಪೂರ್ವ ತೀರಕ್ಕೆ ಮೊದಲು ಬಂದದ್ದೇ ಏರಿದ ನೀರು. ಅಷ್ಟು ದೂರಕ್ಕೆ ಭೂಮಿಯ ನಡುಕವೂ ಸರಿಯಾಗಿ ಗೊತ್ತಾಗಿರಲಿಲ್ಲ. "ನೀರು ಹಿಂದೆ ಹೋದರೆ ಓಡು" ಅನ್ನುವುದನ್ನಷ್ಟೇ ಕಲಿತ ಮಗು "ನೀರು ಹಿಂದೆ ಹೋಗಿಲ್ಲವಲ್ಲ" ಅಂತ ಸುಮ್ನೆ ನಿಂತುಬಿಟ್ಟರೆ? ಹಾಗಾಗಿ ಕಥೆಯಲ್ಲಿ ಮೂರು ಸೂಚನೆಯೂ ಇರಲಿ: ಜೋರಾದ ಅಥವಾ ತುಂಬ ಹೊತ್ತಿನ ನಡುಕ, ಸಮುದ್ರದ ವಿಚಿತ್ರ ವರ್ತನೆ, ಅಧಿಕಾರಿಗಳ ಎಚ್ಚರಿಕೆ. ಮೂರರಲ್ಲಿ ಒಂದೇ ಒಂದು ಕಂಡರೂ ಎತ್ತರಕ್ಕೆ ಹೋಗಬೇಕು. ಮೊದಲ ಅಲೆಯೇ ದೊಡ್ಡದು ಅಂತೇನಿಲ್ಲ, ವಾಪಸ್ ಬರಲು ಅವಸರ ಬೇಡ ಅನ್ನುವುದೂ ಕಥೆಯ ಬಾಲದಲ್ಲಿ ಬರಬೇಕು.

ನಿಜ ಕಥೆ ಬೇಕು ಅನ್ನುವವರಿಗೆ ಹಮಾಗುಚಿ ಗೊರ್ಯೊ ಸಿಗುತ್ತಾರೆ. 1854ರಲ್ಲಿ ಜಪಾನಿನ ಹಿರೊ ಅನ್ನುವ ಹಳ್ಳಿಗೆ ಕತ್ತಲಲ್ಲಿ ಸುನಾಮಿ ಬಂದಾಗ, ಇವರು ಬತ್ತದ ಹುಲ್ಲಿನ ಬಣವೆಗೆ ಬೆಂಕಿ ಹಚ್ಚಿ ಜನರಿಗೆ ಎತ್ತರದ ದಾರಿ ತೋರಿಸಿದರು. ಈ ಕಥೆ ಅಲ್ಲಿನ ಶಾಲಾ ಪುಸ್ತಕದಲ್ಲೂ ಇತ್ತು. ವಿಶ್ವ ಸುನಾಮಿ ಜಾಗೃತಿ ದಿನ ನವೆಂಬರ್ 5 ಆಗಿರುವುದೂ ಇದೇ ನೆನಪಿಗೆ. ಮಕ್ಕಳಿಗೆ ಹೇಳುವಾಗ ಎಲ್ಲರೂ ಬೆಂಕಿಯಲ್ಲೇ ಕಥೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾದದ್ದು ಆಮೇಲಿನ ಭಾಗ. ಗೊರ್ಯೊ ತನ್ನ ದುಡ್ಡಲ್ಲಿ, ಹಳ್ಳಿಯವರಿಗೇ ಕೂಲಿ ಕೊಟ್ಟು, ಸುಮಾರು 600 ಮೀಟರ್ ಉದ್ದದ ಒಡ್ಡು ಕಟ್ಟಿಸಿದರು. 1946ರಲ್ಲಿ ಮತ್ತೆ ಸುನಾಮಿ ಬಂದಾಗ ಆ ಒಡ್ಡು ಹಳ್ಳಿಯ ಬಹುಪಾಲನ್ನು ಕಾಪಾಡಿತು. ದೊಡ್ಡ ತರಗತಿಯ ಮಕ್ಕಳಿಗೆ ಈ ಅರ್ಧವನ್ನೇ ಮೊದಲು ಹೇಳಿ.

ಆಟ, ವಿಡಿಯೊ, ಅಲುಗಾಡುವ ಕೋಣೆ

ವಿಶ್ವಸಂಸ್ಥೆಯ ವಿಕೋಪ ವಿಭಾಗ ಮತ್ತು ಯುನಿಸೆಫ್ ಸೇರಿ ಮಾಡಿದ 'ರಿಸ್ಕ್‌ಲ್ಯಾಂಡ್' ಅನ್ನುವ ಬೋರ್ಡ್ ಆಟ ಇದೆ. ನಮ್ಮ ಹಾವು-ಏಣಿ ಆಟದ ರೀತಿಯದೇ. ಒಳ್ಳೆಯ ಕೆಲಸ ಮಾಡಿದ ಮನೆಗೆ ಬಂದರೆ ಮುಂದಕ್ಕೆ, ಎಡವಟ್ಟು ಮಾಡಿದ ಮನೆಗೆ ಬಂದರೆ ಹಿಂದಕ್ಕೆ. ಇದನ್ನು ಕೊಳ್ಳಬೇಕಾಗಿಯೂ ಇಲ್ಲ. ದೊಡ್ಡ ಹಾಳೆಯ ಮೇಲೆ ಮಕ್ಕಳಿಂದಲೇ ಮನೆಗಳನ್ನು ಬರೆಸಿ. ಆಡುವುದಕ್ಕಿಂತ ಬರೆಯುವಾಗಲೇ ಹೆಚ್ಚು ಕಲಿಯುತ್ತಾರೆ. ವಿಶ್ವಸಂಸ್ಥೆಯದೇ ಇನ್ನೊಂದು ಕಂಪ್ಯೂಟರ್ ಆಟ 'ಸ್ಟಾಪ್ ಡಿಸಾಸ್ಟರ್ಸ್'. ಇಷ್ಟು ಹಣ, ಇಷ್ಟು ಸಮಯ ಕೊಟ್ಟು ಊರನ್ನು ವಿಕೋಪಕ್ಕೆ ಸಜ್ಜು ಮಾಡಿ ಅನ್ನುತ್ತದೆ. ಶಾಲೆ ಎಲ್ಲಿ ಕಟ್ಟಬೇಕು, ಆಸ್ಪತ್ರೆ ಎಲ್ಲಿ, ಗಿಡ ಎಲ್ಲಿ ನೆಡಬೇಕು ಅಂತ ಮಗು ತಲೆ ಕೆಡಿಸಿಕೊಳ್ಳುತ್ತದೆ. ಹನ್ನೆರಡು ದಾಟಿದ ಮಕ್ಕಳಿಗೆ ಬಹಳ ಚೆನ್ನಾಗಿದೆ. ಆದರೆ ಆಟದಲ್ಲಿ ಮಗು ಕುಳಿತಿರುವುದು ಊರ ಯಜಮಾನನ ಕುರ್ಚಿಯಲ್ಲಿ. ನಿಜವಾಗಿ ಇರುವುದು ಮೂರನೇ ಬೆಂಚಿನಲ್ಲಿ. ಆಟ ಗೆದ್ದ ಹುಡುಗ ಭೂಕಂಪದಲ್ಲಿ ಬಾಗಿಲಿಗೆ ಓಡಬಹುದು. ಡ್ರಿಲ್ ಜಾಗಕ್ಕೆ ಆಟ ಬೇಡ.

ವಿಡಿಯೊ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಏಳೆಂಟು ವರ್ಷದೊಳಗಿನವರಿಗೆ ನಿಜ ವಿಕೋಪದ ದೃಶ್ಯ ತೋರಿಸಲೇಬೇಡಿ. ಅದೇ ದೃಶ್ಯ ಮತ್ತೆ ಬಂದರೆ ಮತ್ತೆ ವಿಕೋಪ ಆಯಿತು ಅಂದುಕೊಳ್ಳುವ ವಯಸ್ಸು ಅದು. ದೊಡ್ಡವರಿಗೆ ತೋರಿಸುವುದಾದರೆ ಮೊದಲ ಅರ್ಧ ನಿಮಿಷ ಸಾಕು, ಅಂದರೆ ಸೂಚನೆ ಕಾಣುವ ಭಾಗ. ಅಲ್ಲೇ ನಿಲ್ಲಿಸಿ, "ಈಗ ನೀನಿದ್ದರೆ ಏನು ಮಾಡುತ್ತೀಯ?" ಅಂತ ಕೇಳಿ. ಮುಂದಿನ ನಾಶವನ್ನು ನೋಡಿ ಕಲಿಯುವಂಥದ್ದು ಏನೂ ಇಲ್ಲ.

ಭೂಕಂಪದ ಅನುಭವ ಕೊಡುವ ಅಲುಗಾಡುವ ಕೋಣೆ, ಅಲುಗಾಡುವ ಲಾರಿ ಕೆಲವು ದೇಶಗಳಲ್ಲಿ ಇವೆ. ಸಿಕ್ಕರೆ ಹತ್ತಿಸಿ, ಮಕ್ಕಳು ಮರೆಯುವುದಿಲ್ಲ. ಸಿಗದಿದ್ದರೆ ಚಿಂತೆ ಇಲ್ಲ.

ನಕ್ಷೆ ಹಿಡಿದು ನಡೆಯುವುದು: ಒಂದೇ ಆರಿಸು ಅಂದರೆ ನನ್ನ ಬೆರಳು ಇಲ್ಲಿಗೆ

ಭೂಕಂಪ ಅಷ್ಟಾಗಿ ಬಾರದ ಕಡೆ ಒಂದೇ ಒಂದು ವಿಧಾನ ಆರಿಸಿ ಅಂದರೆ ನಾನು ಇದನ್ನು ಹೇಳುತ್ತೇನೆ. ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ, ಕಾಗದ-ಪೆನ್ಸಿಲ್ ಕೊಟ್ಟು, ಶಾಲೆಯಿಂದ ಮನೆಯ ಕಡೆಗೆ ದೊಡ್ಡವರ ಜೊತೆ ನಡೆಸಿ. ತಗ್ಗು ಎಲ್ಲಿದೆ? ಮಳೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ವಾಲಿದ ಗೋಡೆ ಯಾವುದು? ಎತ್ತರದ ಜಾಗ ಯಾವುದು, ಅಲ್ಲಿಗೆ ನಡೆದರೆ ಎಷ್ಟು ನಿಮಿಷ? ವಯಸ್ಸಾದವರು ಸಿಕ್ಕರೆ, ಹಿಂದೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿಸಿ. ಬಂದು ಎಲ್ಲವನ್ನೂ ಒಂದು ದೊಡ್ಡ ನಕ್ಷೆಯಲ್ಲಿ ಬರೆಸಿ.

ಜಪಾನಿನಲ್ಲಿ ದೊಡ್ಡ ಭೂಕಂಪ, ಸುನಾಮಿ ಆದ 2011ರ ಮಾರ್ಚ್ 11ರಂದು ಎರಡು ಊರಿನ ಶಾಲೆಗಳಲ್ಲಿ ಆದ ಕಥೆ ಕೇಳಿದರೆ ನಾನು ಯಾಕೆ ಹೀಗೆ ಹೇಳುತ್ತೇನೆ ಅಂತ ಗೊತ್ತಾಗುತ್ತದೆ. ಜಪಾನಿನ ಕಾಮೈಶಿ ಊರಿನಲ್ಲಿ ತೋಷಿತಾಕಾ ಕಟಾಡ ಅನ್ನುವ ಪ್ರೊಫೆಸರ್ ಕೆಲವು ವರ್ಷಗಳಿಂದ ಶಾಲೆಗಳ ಜೊತೆ ಕೆಲಸ ಮಾಡುತ್ತಿದ್ದರು. ಮಕ್ಕಳಿಂದಲೇ ನಕ್ಷೆ ಬರೆಸಿದ್ದರು. ಅವರು ಹೇಳಿದ್ದು ಮೂರೇ ಮಾತು. ಮೊದಲೇ ಹೀಗಾಗುತ್ತದೆ ಅಂತ ಹೇಳಿದ್ದನ್ನು ಪೂರ್ತಿ ನಂಬಬೇಡ. ನಿನ್ನ ಕೈಲಾದಷ್ಟೂ ಮಾಡು. ಎಲ್ಲರಿಗಿಂತ ಮೊದಲು ಹೊರಡು. ಆ ದಿನ ಕಾಮೈಶಿಯ ಪೂರ್ವ ಮಾಧ್ಯಮಿಕ ಶಾಲೆಯ ಮಕ್ಕಳು ಭೂಮಿ ಅಲುಗಿದ ಮೇಲೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯವರು ಮೊದಲು ಮೂರನೇ ಮಹಡಿಗೆ ಹತ್ತಿದ್ದವರು, ಇವರು ಓಡುವುದನ್ನು ನೋಡಿ ಇಳಿದು ಸೇರಿಕೊಂಡರು. ನಿಗದಿಯಾಗಿದ್ದ ಜಾಗ ತಲುಪಿದ ಮೇಲೂ ಇದು ಸಾಲದು ಅನ್ನಿಸಿ ಇನ್ನೂ ಮೇಲಕ್ಕೆ ಹೋದರು. ಆಮೇಲೆ ಮೊದಲ ಜಾಗಕ್ಕೂ ನೀರು ಬಂತು. ಸರ್ಕಾರಿ ನಕ್ಷೆಯಲ್ಲಿ ಆ ಶಾಲೆಗಳು ನೀರು ಬರುವ ಗೆರೆಯ ಹೊರಗಿದ್ದವು! ಊರಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹತ್ತಿರ ಹತ್ತಿರ 3,000 ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿದರು.

ಅದೇ ದಿನ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆ. ಸಮುದ್ರದಿಂದ ಸುಮಾರು ನಾಲ್ಕು ಕಿಲೋಮೀಟರ್ ಒಳಗೆ, ನದಿಯ ಪಕ್ಕ. ಅದೂ ನಕ್ಷೆಯ ಗೆರೆಯ ಹೊರಗೇ ಇತ್ತು. ಭೂಕಂಪ ಆದ ಕೂಡಲೇ ಮಕ್ಕಳು ಶಿಸ್ತಿನಿಂದ ಅಂಗಳಕ್ಕೆ ಬಂದು ಸಾಲಾಗಿ ನಿಂತರು. ಡ್ರಿಲ್ ಅಚ್ಚುಕಟ್ಟಾಗಿ ನಡೆದಿತ್ತು. ಆದರೆ ಮುಂದೆ ಎಲ್ಲಿಗೆ? ಶಾಲೆಯ ಕೈಪಿಡಿಯಲ್ಲಿ "ಹತ್ತಿರದ ಖಾಲಿ ಜಾಗ ಅಥವಾ ಪಾರ್ಕ್" ಅಂತ ಇತ್ತು, ಯಾವುದು ಅಂತ ಇರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡ ಇತ್ತು. ಅಲ್ಲಿಗೆ ಹೋಗೋಣ ಅಂತ ಕೆಲವು ಮಕ್ಕಳು ಹೇಳಿದ್ದರೆಂದು ಬದುಕಿದವರು ನೆನೆಸಿಕೊಂಡಿದ್ದಾರೆ. ಮಾತುಕತೆಯಲ್ಲೇ ಸುಮಾರು ಮುಕ್ಕಾಲು ಗಂಟೆ ಕಳೆಯಿತು. ಶಾಲೆಯ 108 ಮಕ್ಕಳಲ್ಲಿ 74 ಮಂದಿ ಸತ್ತರು ಅಥವಾ ಕಾಣೆಯಾದರು. ಹತ್ತು ಮಂದಿ ಸಿಬ್ಬಂದಿಯೂ ಉಳಿಯಲಿಲ್ಲ. ಮುಂಚಿನ ತಯಾರಿಯಲ್ಲೇ ಲೋಪ ಇತ್ತು ಅನ್ನುವ ತೀರ್ಪು 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೂ ನಿಂತಿತು.

ಇದನ್ನು ಬರೆಯುವಾಗ ಕೈ ಭಾರ ಆಗುತ್ತದೆ. ಆದರೆ ಶಿಕ್ಷಕರು ಇದನ್ನು ಓದಲೇಬೇಕು. ಮಕ್ಕಳಿಗೆ ಹೇಳಬೇಕಾಗಿಲ್ಲ. ನಿಮ್ಮ ಶಾಲೆಯ ಕೈಪಿಡಿಯಲ್ಲಿ "ಸುರಕ್ಷಿತ ಜಾಗ" ಅಂತ ಇದ್ದರೆ ಇವತ್ತೇ ಅದನ್ನು ಹೊಡೆದುಹಾಕಿ, ಆ ಜಾಗದ ಹೆಸರು ಬರೆಯಿರಿ. ಅದು ಮುಳುಗಿದರೆ ಎರಡನೇ ಜಾಗ ಯಾವುದು ಅಂತಲೂ ಬರೆಯಿರಿ. ಎರಡಕ್ಕೂ ಮಕ್ಕಳ ಜೊತೆ ನಡೆದು ನೋಡಿ.

ಚಂಡಮಾರುತದ ಕಡೆಯವರಿಗೆ ಬಾಂಗ್ಲಾದೇಶ ಒಳ್ಳೆಯ ಮಾದರಿ. 1970ರ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ 3 ಲಕ್ಷ ಜನ ಸತ್ತಿದ್ದರು. 2007ರ ಸಿಡ್ರ್ ಚಂಡಮಾರುತದಲ್ಲಿ ಆ ಸಂಖ್ಯೆ ಸುಮಾರು 3,400ಕ್ಕೆ ಇಳಿದಿತ್ತು. ಮುನ್ಸೂಚನೆ, ಸ್ವಯಂಸೇವಕರು, ಆಶ್ರಯ ಕಟ್ಟಡಗಳು, ಎಲ್ಲವೂ ಕಾರಣ. ಆ ಆಶ್ರಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಉಳಿದ ದಿನ ನಡೆಯುವುದು ಪ್ರಾಥಮಿಕ ಶಾಲೆ. ದಿನಾ ಓಡಾಡುವ ಕಟ್ಟಡದ ದಾರಿಯನ್ನು ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೆರೆಯ ನಕ್ಷೆ ಮಾಡುವಾಗ ಒಂದು ಅಳತೆಯನ್ನು ಮಕ್ಕಳ ಕಾಲಿನ ಮೇಲೆಯೇ ತೋರಿಸಿ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರು ಕಾಲು ಜಾರಿ ಬೀಳಬಹುದು. 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ವಾಹನಗಳನ್ನೇ ತೇಲಿಸಿಕೊಂಡು ಹೋಗುತ್ತದೆ. ಚಾಕ್‌ಪೀಸಿನಿಂದ ಗೋಡೆ ಮೇಲೆ ಎರಡೂ ಗೆರೆ ಎಳೆಯಿರಿ. "ಇಷ್ಟೇನಾ?" ಅನ್ನುತ್ತಾರೆ. ಆ "ಇಷ್ಟೇನಾ" ಮನೆಗೂ ಹೋಗುತ್ತದೆ.

ಯಾರು ಹೇಳಿಕೊಡಬೇಕು, ಯಾವ ವಯಸ್ಸಿಗೆ

ವರ್ಷಕ್ಕೊಮ್ಮೆ ಬಂದು ಭಾಷಣ ಮಾಡುವ ಅಧಿಕಾರಿಗಿಂತ ವಾರಕ್ಕೆ ಹತ್ತು ನಿಮಿಷ ಮಾತಾಡುವ ತರಗತಿಯ ಶಿಕ್ಷಕರೇ ಮೇಲು. ಸಮವಸ್ತ್ರದವರು ಬಂದರೆ ಮಕ್ಕಳ ಕಣ್ಣು ಅರಳುತ್ತದೆ, ಅದು ನಿಜ. ಬರಲಿ. ಆದರೆ ಪಾಠ ಅವರ ಜೊತೆಗೇ ಜೀಪು ಹತ್ತಿ ಹೋಗಬಾರದು. ಪ್ರತ್ಯೇಕ ವಿಷಯ ಮಾಡಬೇಕೇ ಅಂದರೆ, ಬೇಡ. ಮತ್ತೊಂದು ಪುಸ್ತಕ, ಮತ್ತೊಂದು ಪರೀಕ್ಷೆ ಯಾರಿಗೆ ಬೇಕು? ಅಲೆಯ ವೇಗ ಗಣಿತಕ್ಕೆ, ಸೂಚನೆಗಳು ವಿಜ್ಞಾನಕ್ಕೆ, ಅಜ್ಜಿ ಹೇಳಿದ ನೆರೆಯ ಕಥೆ ಭಾಷೆಗೆ.

ಸಿಡಿಲಿಗೆ ಇಷ್ಟು ತಲೆಬಿಸಿ ಬೇಕಿಲ್ಲ. ಗುಡುಗು ಕೇಳಿಸಿದರೆ ಪಕ್ಕಾ ಕಟ್ಟಡದ ಒಳಗೆ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಬರಬೇಡ, ಮರದ ಕೆಳಗಂತೂ ನಿಲ್ಲಲೇಬೇಡ. ಈ ಮೂರನ್ನು ಪ್ರಾಸ ಕಟ್ಟಿ ಹಾಡಿಸಿ. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿ ಬಿತ್ತು ಅಂತ ಗೊತ್ತಾಗುತ್ತದೆ. ಎಣಿಸುವುದು ಕಟ್ಟಡದ ಒಳಗೆ ಬಂದ ಮೇಲೆ!

ವಯಸ್ಸಿನ ಲೆಕ್ಕ ಸುಲಭ. ಆರು-ಏಳು ವರ್ಷದವರೆಗೆ ಹಾಡು, ಕಥೆ, ಆಟದಂಥ ಡ್ರಿಲ್. ಎಂಟರಿಂದ ಹನ್ನೊಂದರವರೆಗೆ ನಕ್ಷೆ, ಪ್ರಯೋಗ. ಅದರ ಮೇಲಿನವರಿಗೆ ಲೆಕ್ಕ, ಕಂಪ್ಯೂಟರ್ ಆಟ, ಚಿಕ್ಕವರಿಗೆ ಹೇಳಿಕೊಡುವ ಜವಾಬ್ದಾರಿ. ಭಯ ಎಲ್ಲ ವಯಸ್ಸಿನಲ್ಲೂ ಇರುತ್ತದೆ. ಅದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಅಪಾಯದ ಮಾತು ಹೇಳಿದ ತಕ್ಷಣ, ಅದೇ ಉಸಿರಿನಲ್ಲಿ, ಮಗು ಮಾಡಬಹುದಾದ ಒಂದು ಕೆಲಸ ಹೇಳಿ. ಪೀರಿಯಡ್ ಮುಗಿಯುವ ಗಂಟೆ ಬಾರಿಸಿದಾಗ ಅಪಾಯದ ಚಿತ್ರದ ಮೇಲೆ ಪಾಠ ನಿಲ್ಲಬಾರದು.

ಆರಿಸಿದ್ದು ಸರಿಯಾಯಿತೇ ಅಂತ ನೋಡಲು ಪರೀಕ್ಷೆ ಇಡಬೇಡಿ. ಒಂದು ತಿಂಗಳು ಬಿಟ್ಟು, ಬೇರೇನೋ ಪಾಠದ ನಡುವೆ ಒಬ್ಬ ಹುಡುಗನನ್ನು ನಿಲ್ಲಿಸಿ ಕೇಳಿ: "ನೀನು ಶೌಚಾಲಯದಲ್ಲಿ ಇದ್ದೀಯ. ಭೂಮಿ ಅಲುಗಿತು. ಅಲ್ಲಿ ಮೇಜಿಲ್ಲ. ಏನು ಮಾಡ್ತೀಯ?" ಅವನು ತಲೆ ಕೆರೆದುಕೊಂಡರೆ ಡ್ರಿಲ್ ಇನ್ನೂ ತರಗತಿಯ ಒಳಗೇ ಇದೆ ಅಂತ ಅರ್ಥ. ಮಾತೇ ಆಡದೆ ಗೋಡೆ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಚಿಕೊಂಡು, ಕೆಳಗಿನಿಂದಲೇ "ಹೀಗೆ, ಮಿಸ್" ಅಂದರೆ, ಅವತ್ತಿನ ಹೋಂವರ್ಕ್ ಮಾಫಿ ಮಾಡಿಬಿಡಿ.